ಹೊಸ ಪಾರ್ಟಿಯ ಕಾಗದಪತ್ರ: ನೆನಪಿಡುವ ಕೆಲಸ ಕಂಪ್ಯೂಟರಿಗೆ, ಕಳಿಸುವ ಗುಂಡಿ ನಿಮ್ಮ ಕೈಗೆ

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಜಿಎಸ್‌ಟಿ ಮತ್ತು ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಸಣ್ಣ ಆಫೀಸು ಇಟ್ಟುಕೊಂಡಿದ್ದೇನೆ. ನಾನು, ಜೊತೆಗೆ ಇಬ್ಬರು ಸಹಾಯಕಿಯರು. ಸದ್ಯ 90 ಪಾರ್ಟಿಗಳಿದ್ದಾರೆ (ನಮ್ಮಲ್ಲಿ ಲೆಕ್ಕ ಮಾಡಿಸುವ ಗಿರಾಕಿಗಳು), ತಿಂಗಳಿಗೆ ಐದು ಜನ ಹೊಸಬರು ಸೇರುತ್ತಾರೆ. ಹೊಸಬರಿಂದ ಪ್ಯಾನ್, ಆಧಾರ್, ಬಾಡಿಗೆ ಕರಾರು, ಬ್ಯಾಂಕ್ ವಿವರ ತರಿಸಿಕೊಳ್ಳುವಷ್ಟರಲ್ಲಿ ಎರಡು ಮೂರು ವಾರ ಕಳೆದುಹೋಗುತ್ತದೆ. ಒಂದೊಂದು ಕಾಗದಕ್ಕೂ ನಾಲ್ಕು ಸಲ ಫೋನ್ ಮಾಡಬೇಕು. ವರ್ಷಕ್ಕೆ 60,000 ರೂಪಾಯಿ ಕೊಟ್ಟರೆ ಇದನ್ನೆಲ್ಲ ತಾನಾಗಿಯೇ ಮಾಡುವ ಸಾಫ್ಟ್‌ವೇರ್ ಇದೆ ಅಂತ ಒಬ್ಬರು ಹೇಳುತ್ತಿದ್ದಾರೆ. ತಗೊಳ್ಳಲೇ? ಎಲ್ಲ ಆಟೊಮ್ಯಾಟಿಕ್ ಆದರೆ ನಂಬಿ ಬಂದವರಿಗೆ ಬೇಜಾರಾಗುವುದಿಲ್ಲವೇ? ಹಳೆಯ ಪಾರ್ಟಿಗಳನ್ನೂ ಅದಕ್ಕೆ ಸೇರಿಸಬೇಕೇ?

ಉತ್ತರ: ಸಾಫ್ಟ್‌ವೇರ್ ಈಗ ಬೇಡ. ತಿಂಗಳಿಗೆ ಐದು ಅಂದರೆ ವರ್ಷಕ್ಕೆ 60 ಹೊಸ ಪಾರ್ಟಿ. 60,000 ಕೊಟ್ಟರೆ ಒಬ್ಬೊಬ್ಬರ ಕಾಗದ ತರಿಸಿಕೊಳ್ಳುವುದಕ್ಕೇ ಸಾವಿರ ರೂಪಾಯಿ ಖರ್ಚು ಬಿತ್ತು. ಅಷ್ಟು ಕೊಟ್ಟರೂ ಕೆಲಸ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ ಅಂತ ನಿಮಗೆ ಗೊತ್ತಿಲ್ಲದಿದ್ದರೆ ಅದು ಅಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತದೆ. ನಿಮಗೆ ಬೇಕಾದದ್ದರಲ್ಲಿ ಹೆಚ್ಚುಪಾಲು ಒಂದು ಗೂಗಲ್ ಫಾರ್ಮ್, ಒಂದು ಗೂಗಲ್ ಶೀಟ್, ಈಗಾಗಲೇ ಬಳಸುತ್ತಿರುವ ವಾಟ್ಸ್ಆ್ಯಪ್, ಇಷ್ಟರಲ್ಲೇ ಆಗುತ್ತದೆ. ಇವು ಮೂರೂ ಉಚಿತ.

ಮೊದಲು ಒಂದು ಕೆಲಸ ಮಾಡಿ. ಕೊನೆಯದಾಗಿ ಬಂದ ಐದು ಪಾರ್ಟಿಗಳ ವಾಟ್ಸ್ಆ್ಯಪ್ ಮಾತುಕತೆ ತೆರೆದುಕೊಂಡು ಕೂತು, ಒಂದು ಹಾಳೆಯಲ್ಲಿ ಬರೆಯಿರಿ: ಮೊದಲ ಮಾತು ಯಾವತ್ತು ಆಯಿತು, ಯಾವ ಕಾಗದ ಯಾವತ್ತು ಬಂತು, ಯಾವುದನ್ನು ಎಷ್ಟು ಸಲ ಕೇಳಿದಿರಿ. ನಾನು ಹೀಗೆ ಮಾಡಿದಾಗ, ಜನ ಸೋಮಾರಿಗಳು ಅಂತ ಅಷ್ಟು ದಿನ ಅಂದುಕೊಂಡಿದ್ದು ತಪ್ಪು ಅಂತ ಗೊತ್ತಾಯಿತು. ಪ್ಯಾನ್, ಆಧಾರ್ ಎರಡನೇ ದಿನವೇ ಬಂದಿದ್ದವು. ನಿಂತಿದ್ದೆಲ್ಲ ಅಂಗಡಿಯ ಜಾಗದ ಕಾಗದಕ್ಕೆ. ನಾವು ಎಲ್ಲರಿಗೂ ಒಂದೇ ಪಟ್ಟಿ ಕಳಿಸುತ್ತಿದ್ದೆವು. ಅದರಲ್ಲಿ ಹನ್ನೊಂದು ಕಾಗದ, ಅದೂ ಇಂಗ್ಲಿಷಿನಲ್ಲಿ. ಸ್ವಂತ ಕಟ್ಟಡ ಇದ್ದವರಿಗೂ ಬಾಡಿಗೆ ಕರಾರು ಕೇಳುತ್ತಿದ್ದೆವು. ತಮಗೆ ಯಾವುದು ಬೇಕು ಅಂತ ತಿಳಿಯದೆ ಅವರು ಸುಮ್ಮನಿರುತ್ತಿದ್ದರು.

ಈ ಜಾಗದ ಕಾಗದದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೊಸ ಜಿಎಸ್‌ಟಿ ನೋಂದಣಿ ತಡವಾಗುವುದು ಬಹುಪಾಲು ಇಲ್ಲೇ. ನಿಮ್ಮ ಫಾರ್ಮಿನಲ್ಲಿ 'ವಿಳಾಸದ ಪುರಾವೆ ಕೊಡಿ' ಅಂತ ಕೇಳಬೇಡಿ. ಹೀಗೆ ಕೇಳಿ: 'ನಿಮ್ಮ ಅಂಗಡಿಯ ಬೆಸ್ಕಾಂ ಬಿಲ್ಲಿನಲ್ಲಿ ಯಾರ ಹೆಸರಿದೆ?' ಕೆಳಗೆ ನಾಲ್ಕು ಆಯ್ಕೆ ಕೊಡಿ: ನನ್ನದೇ, ಮನೆಯವರದು, ಬಾಡಿಗೆ ಕೊಟ್ಟ ಮಾಲೀಕರದು, ತೀರಿಕೊಂಡ ಹಿರಿಯರದು. ನನ್ನದೇ ಅಂದರೆ ಆ ಬಿಲ್ಲೋ ಕಂದಾಯದ ರಸೀದಿಯೋ ಸಾಕು. ಮನೆಯವರದು ಅಂದರೆ ಬಿಲ್ಲಿನ ಜೊತೆ ಅವರ ಒಪ್ಪಿಗೆ ಪತ್ರ. ಬಾಡಿಗೆಯದಾದರೆ ಕರಾರು ಮತ್ತು ಮಾಲೀಕರ ಹೆಸರಿನ ಬಿಲ್ಲು ಅಥವಾ ರಸೀದಿ. ತೀರಿಕೊಂಡವರ ಹೆಸರಲ್ಲಿದ್ದರೆ ಫಾರ್ಮ್ ಯಾವ ಕಾಗದವನ್ನೂ ಕೇಳದಿರಲಿ. 'ನಾವೇ ಫೋನ್ ಮಾಡುತ್ತೇವೆ' ಎಂದಷ್ಟೇ ತೋರಿಸಲಿ. ಖಾತೆ ಬದಲಾಗಿದೆಯೋ ಇಲ್ಲವೋ, ಅಣ್ಣತಮ್ಮಂದಿರ ನಡುವೆ ಏನಿದೆಯೋ, ಅದು ಫಾರ್ಮಿಗೆ ಹೇಳಿಕೊಳ್ಳುವ ವಿಷಯವಲ್ಲ.

ಉತ್ತರಕ್ಕೆ ತಕ್ಕಂತೆ ಮುಂದಿನ ಭಾಗಕ್ಕೆ ಕರೆದೊಯ್ಯುವ ಸೌಲಭ್ಯ ಗೂಗಲ್ ಫಾರ್ಮಿನಲ್ಲೇ ಇದೆ. ಹೀಗೆ ಒಬ್ಬೊಬ್ಬರಿಗೂ ಅವರಿಗೆ ಬೇಕಾದ ಮೂರೋ ನಾಲ್ಕೋ ಕಾಗದದ ಹೆಸರು ಮಾತ್ರ ಕಾಣುತ್ತದೆ. ಫಾರ್ಮ್ ಕನ್ನಡದಲ್ಲೇ ಇರಲಿ, ಅದೂ ಅಂಗಡಿಯಲ್ಲಿ ಆಡುವ ಕನ್ನಡದಲ್ಲಿ. 'ವಿದ್ಯುಚ್ಛಕ್ತಿ ಪಾವತಿ ಪತ್ರ' ಅಂದರೆ ಯಾರೂ ತರುವುದಿಲ್ಲ, 'ಕರೆಂಟ್ ಬಿಲ್' ಅಂದರೆ ತರುತ್ತಾರೆ.

ಇನ್ನೊಂದು, ನಿಮಗೆ ಆಗಲೇ ಗೊತ್ತಾಗುವ ವಿಷಯವನ್ನು ಮತ್ತೆ ಕೇಳಬೇಡಿ. ಬೇರೆಯವರ ಹತ್ತಿರ ಇದ್ದು ನಿಮ್ಮ ಹತ್ತಿರ ಬರುತ್ತಿರುವ ಪಾರ್ಟಿಗೆ ಜಿಎಸ್‌ಟಿ ಸಂಖ್ಯೆ ಇದ್ದೇ ಇರುತ್ತದೆ. ಆ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮೂರನೆಯದರಿಂದ ಹನ್ನೆರಡನೆಯದರವರೆಗೆ ಇರುವ ಹತ್ತು ಅಕ್ಷರವೇ ಅವರ ಪ್ಯಾನ್. ಆ ಪ್ಯಾನ್‌ನ ನಾಲ್ಕನೇ ಅಕ್ಷರ 'ಪಿ' ಇದ್ದರೆ ವ್ಯಕ್ತಿ, 'ಎಫ್' ಇದ್ದರೆ ಪಾಲುದಾರಿಕೆ, 'ಸಿ' ಇದ್ದರೆ ಕಂಪನಿ, 'ಎಚ್' ಇದ್ದರೆ ಹಿಂದೂ ಅವಿಭಕ್ತ ಕುಟುಂಬ. ನೋಂದಣಿಯಲ್ಲಿರುವ ಹೆಸರು ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಸಿಗುತ್ತದೆ. ಅಂದರೆ ಒಂದೇ ಒಂದು ಸಂಖ್ಯೆ ಕೇಳಿದರೆ ನಾಲ್ಕು ಪ್ರಶ್ನೆ ಕೇಳುವುದು ತಪ್ಪಿತು. ಶೀಟಿನಲ್ಲಿ ಪ್ಯಾನ್ ಬಿಡಿಸಿಕೊಳ್ಳುವುದು ಒಂದು ಸಾಲಿನ ಸೂತ್ರ. ಹೊಸದಾಗಿ ನೋಂದಣಿ ಮಾಡಿಸುವವರಿಗೆ ಮಾತ್ರ ಪ್ಯಾನ್ ಕೇಳಿ. ಆ ಜಾಗದಲ್ಲಿ ಐದು ಅಕ್ಷರ, ನಾಲ್ಕು ಅಂಕಿ, ಮತ್ತೊಂದು ಅಕ್ಷರ, ಈ ಅಚ್ಚಿಗೆ ಕೂರದಿದ್ದರೆ ಫಾರ್ಮ್ ಮುಂದೆ ಹೋಗದಂತೆ ಕಟ್ಟುಪಾಡು ಹಾಕಿಡಿ. ಸೊನ್ನೆ ಬದಲು 'ಓ' ಹೊಡೆದದ್ದು ಅಲ್ಲೇ ಸಿಕ್ಕಿಬೀಳುತ್ತದೆ.

ಹಳೆಯ ಸಲಹೆಗಾರರನ್ನು ಬಿಟ್ಟು ಬರುವವರಿಗೆ ಮೊಟ್ಟಮೊದಲ ಪ್ರಶ್ನೆ ಇದಿರಲಿ: 'ಜಿಎಸ್‌ಟಿ ಪೋರ್ಟಲ್‌ನ ಒಟಿಪಿ ಯಾರ ಫೋನಿಗೆ ಬರುತ್ತದೆ?' ಎಷ್ಟೋ ಅಂಗಡಿಗಳ ನೋಂದಣಿಯಲ್ಲಿ ಇವತ್ತಿಗೂ ಮೊದಲು ಮಾಡಿಸಿಕೊಟ್ಟವರದೇ ಮೊಬೈಲು, ಅವರದೇ ಇಮೇಲು. ಅದು ಗೊತ್ತಾಗುವುದು 20ನೇ ತಾರೀಖು 3ಬಿ (ತೆರಿಗೆ ಕಟ್ಟುವ ಜಿಎಸ್‌ಟಿ ರಿಟರ್ನ್) ಸಲ್ಲಿಸಲು ಕೂತಾಗ. ಆಮೇಲೆ ಅವರಿಗೆ ಫೋನ್ ಮಾಡಿ, ಅವರು ಎತ್ತದೆ, ಪಾರ್ಟಿ ಗಾಬರಿಯಾಗಿ... ಈ ಕಷ್ಟ ನಿಮಗೂ ಗೊತ್ತಿರುತ್ತದೆ. ಲಾಗಿನ್ ಕೈಯಲ್ಲಿದ್ದರೆ ತಿದ್ದುಪಡಿ ಅರ್ಜಿ ಹಾಕಿ ಮೊಬೈಲು ಸಂಖ್ಯೆ ಬದಲಿಸಬಹುದು. ಲಾಗಿನ್ನೇ ಇಲ್ಲದಿದ್ದರೆ ಆ ವ್ಯಾಪ್ತಿಯ ತೆರಿಗೆ ಅಧಿಕಾರಿಯ ಬಳಿ ದಾಖಲೆ ತೋರಿಸಿ ಬದಲಿಸಿಕೊಳ್ಳಬೇಕು, ಅದಕ್ಕೆ ದಿನ ಹಿಡಿಯುತ್ತದೆ. ಮೊದಲ ದಿನವೇ ತಿಳಿದರೆ ಅಷ್ಟು ದಿನ ನಿಮ್ಮ ಕೈಯಲ್ಲಿರುತ್ತದೆ.

ಈಗ ಕಾಗದಗಳು ಬರುವ ದಾರಿ. ಗೂಗಲ್ ಫಾರ್ಮಿನಲ್ಲೇ ಫೈಲ್ ಹಾಕಿಸಿಕೊಳ್ಳಬಹುದು ಅಂತ ಎಲ್ಲರೂ ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಫೈಲ್ ಹಾಕಬೇಕಾದರೆ ಪಾರ್ಟಿ ಗೂಗಲ್ ಖಾತೆಗೆ ಲಾಗಿನ್ ಆಗಲೇಬೇಕು. ವಾಟ್ಸ್ಆ್ಯಪಿನಲ್ಲಿ ಬಂದ ಲಿಂಕ್ ಒತ್ತಿದಾಗ ಪಾಸ್‌ವರ್ಡ್ ಕೇಳುವ ಪುಟ ಬಂದರೆ ಜವಳಿ ಅಂಗಡಿಯ ಸಾಹುಕಾರರು ಫೋನ್ ಕೆಳಗಿಟ್ಟು ಗಿರಾಕಿ ಕಡೆ ತಿರುಗುತ್ತಾರೆ. ಆ ಫೋನಿಗೆ ಖಾತೆ ಮಾಡಿಕೊಟ್ಟವನು ಯಾವತ್ತೋ ಅವರ ಮಗ. ಹಾಗಾಗಿ ವಿವರಗಳಿಗೆ ಫಾರ್ಮ್, ಕಾಗದಗಳಿಗೆ ವಾಟ್ಸ್ಆ್ಯಪ್. ಅವರಿಗೆ ರೂಢಿ ಇರುವುದನ್ನು ಬಿಡಿಸುವ ಹಟ ಬೇಡ.

ಆದರೆ ವಾಟ್ಸ್ಆ್ಯಪ್ ಒಂದೇ ನಂಬರಿನದಿರಬೇಕು. ಪ್ಯಾನ್ ನಿಮ್ಮ ಸ್ವಂತ ಮೊಬೈಲಿಗೆ, ಆಧಾರ್ ಸಹಾಯಕಿಯ ಮೊಬೈಲಿಗೆ, ಬಾಡಿಗೆ ಕರಾರು ಇನ್ನೊಬ್ಬರಿಗೆ ಬಂದರೆ, ಮೂವರೂ ಮೂರು ಸಲ ಕೇಳಿ 'ಎಷ್ಟ್ ಸಲ ಕಳಿಸ್ಲಿ ಮೇಡಂ, ಆಗ್ಲೇ ಕಳ್ಸಿದೀನಲ್ರೀ' ಅನ್ನಿಸಿಕೊಳ್ಳುವುದು ಖಂಡಿತ. ಆಫೀಸಿನ ಹೆಸರಲ್ಲಿ ಒಂದು ಸಿಮ್ ತಗೊಂಡು ವಾಟ್ಸ್ಆ್ಯಪ್ ಬಿಸಿನೆಸ್ ಹಾಕಿ. ಒಂದೇ ನಂಬರನ್ನು ಮುಖ್ಯ ಫೋನಿನ ಜೊತೆಗೆ ಇನ್ನೂ ನಾಲ್ಕು ಸಾಧನಗಳಿಗೆ ಜೋಡಿಸಬಹುದು, ನಿಮ್ಮ ಮೂವರಿಗೂ ಸಾಕು. ಯಾರು ಏನು ಕೇಳಿದರು ಅಂತ ಮೂವರಿಗೂ ಕಾಣುತ್ತದೆ. ಕಾಗದವನ್ನು ಫೋಟೊ ಆಗಿ ಅಲ್ಲ, 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ. ಫೋಟೊ ಆಗಿ ಬಂದರೆ ಕುಗ್ಗಿ, ಸಣ್ಣ ಅಕ್ಷರ ಮಸುಕಾಗುತ್ತದೆ. ಪಾರ್ಟಿಯ ಮುಖದ ಫೋಟೊವನ್ನು ಮಾತ್ರ ನೀವೇ ಕುಗ್ಗಿಸಬೇಕು, ಪೋರ್ಟಲ್ 100 ಕೆಬಿಗಿಂತ ದೊಡ್ಡದನ್ನು ತೆಗೆದುಕೊಳ್ಳುವುದಿಲ್ಲ.

ಇದರಲ್ಲಿ ಸ್ವಾಗತ ಸಂದೇಶ ತಾನಾಗಿಯೇ ಹೋಗುವ ಸೌಲಭ್ಯವಿದೆ. ಹುಷಾರು: ಅದು ಮೊದಲ ಸಲ ಮೆಸೇಜ್ ಮಾಡಿದವರಿಗೆ ಮಾತ್ರವಲ್ಲ, 14 ದಿನ ಮಾತುಕತೆ ಇಲ್ಲದೆ ಮತ್ತೆ ಮೆಸೇಜ್ ಮಾಡಿದ ಹಳಬರಿಗೂ ಹೋಗುತ್ತದೆ. ಐದು ವರ್ಷದಿಂದ ನಿಮ್ಮ ಹತ್ತಿರ ಇರುವವರಿಗೆ 'ನಮ್ಮ ಆಫೀಸಿಗೆ ಸ್ವಾಗತ, ಫಾರ್ಮ್ ತುಂಬಿ' ಅಂತ ಹೋದರೆ ನೋವಾಗುತ್ತದೆ. ಸೆಟ್ಟಿಂಗಿನಲ್ಲಿ 'ಕಾಂಟ್ಯಾಕ್ಟಿನಲ್ಲಿ ಇಲ್ಲದವರಿಗೆ ಮಾತ್ರ' ಎಂಬುದನ್ನು ಆರಿಸಿ, ಹಳಬರ ನಂಬರೆಲ್ಲ ಉಳಿಸಿಕೊಳ್ಳಿ. ಆ ಸಂದೇಶದಲ್ಲಿ ಫಾರ್ಮಿನ ಲಿಂಕ್ ಇಡಬೇಡಿ. ಹೊಸಬರ ಜೊತೆ ನೀವೇ ಹತ್ತು ನಿಮಿಷ ಮಾತಾಡಿ, ಏನು ವ್ಯಾಪಾರ, ಯಾಕೆ ಬಂದರು, ಫೀಸು ಎಷ್ಟು ಅಂತ ಬಗೆಹರಿದ ಮೇಲೆ, ಮುಂಗಡ ಯುಪಿಐನಲ್ಲಿ ಬಂದ ಮೇಲೆ ಫಾರ್ಮ್ ಕಳಿಸಿ. ಆ ಹತ್ತು ನಿಮಿಷವನ್ನು ಉಳಿಸಲು ಹೋಗಬೇಡಿ. ಇನ್ನು 18, 19ನೇ ತಾರೀಖು ಬಂದವರಿಗೆ '20 ಕಳೆದ ಮೇಲೆ ಶುರು ಮಾಡೋಣ' ಅಂತ ನೇರವಾಗಿ ಹೇಳಿ. 3ಬಿ ಗಡಿಬಿಡಿಯಲ್ಲಿ ಸೇರಿಸಿಕೊಂಡವರ ಕಡತದಲ್ಲಿ ಏನಾದರೊಂದು ಬಿಟ್ಟುಹೋಗಿರುತ್ತದೆ.

ಫಾರ್ಮ್ ತುಂಬಿದ ಕೂಡಲೇ ಶೀಟಿನಲ್ಲಿ ಒಂದು ಸಾಲು ಬರುತ್ತದೆ. ಇಲ್ಲಿಂದ ಮುಂದೆ ಗೂಗಲ್‌ನ ಆ್ಯಪ್ಸ್ ಸ್ಕ್ರಿಪ್ಟ್, ಅಂದರೆ ಶೀಟಿಗೆ ಜೋಡಿಸುವ ಸಣ್ಣ ಪ್ರೋಗ್ರಾಂ, ಕೆಲಸ ಮಾಡಲಿ. ಪಾರ್ಟಿಯ ಹೆಸರಲ್ಲಿ ಡ್ರೈವ್‌ನಲ್ಲಿ ಫೋಲ್ಡರ್, ಒಳಗೆ ನೋಂದಣಿ, ಜಿಎಸ್‌ಟಿ, ಆದಾಯ ತೆರಿಗೆ, ಬ್ಯಾಂಕ್ ಅಂತ ನಾಲ್ಕು ಒಳಫೋಲ್ಡರ್, ನಿಮಗೊಂದು ಇಮೇಲ್. ಮೂವತ್ತು ಸಾಲಿನೊಳಗೆ ಮುಗಿಯುವ ಸ್ಕ್ರಿಪ್ಟ್ ಇದು. ಯಾರಾದರೂ ಕಂಪ್ಯೂಟರ್ ಓದುವ ಹುಡುಗರು ಒಂದು ಮಧ್ಯಾಹ್ನದಲ್ಲಿ ಮಾಡಿಕೊಡುತ್ತಾರೆ. ಎಐ ಸಹಾಯಕವನ್ನು ಕೇಳಿದರೂ ಬರೆದುಕೊಡುತ್ತದೆ, ಆದರೆ ಪರೀಕ್ಷೆಗೆ ನಿಜವಾದ ಪಾರ್ಟಿಯ ಪ್ಯಾನ್, ಆಧಾರ್ ಅಲ್ಲಿ ಹಾಕಬೇಡಿ. ಉಚಿತ ಖಾತೆಯಿಂದ ಸ್ಕ್ರಿಪ್ಟ್ ದಿನಕ್ಕೆ 100 ಜನರಿಗೆ ಇಮೇಲ್ ಕಳಿಸಬಲ್ಲದು, ನಿಮಗೆ ಅಷ್ಟು ಬೇಕಾಗುವುದಿಲ್ಲ. ಫೋಲ್ಡರಿನ ಹೆಸರು ಪ್ಯಾನ್‌ನಿಂದ ಶುರುವಾಗಲಿ, ಆಮೇಲೆ ಅಂಗಡಿಯ ಹೆಸರು. ನಿಮ್ಮ ಊರಲ್ಲೂ ಒಂದೇ ದೇವರ ಹೆಸರಿನ ಟ್ರೇಡರ್ಸ್ ಮೂರಾದರೂ ಇರುತ್ತವೆ.

ಇನ್ನು ಜ್ಞಾಪಿಸುವ ವಿಷಯ. ಇಲ್ಲಿ ನನ್ನದೊಂದು ತಪ್ಪನ್ನು ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಆಫೀಸಿನಲ್ಲಿ, ಬಾಕಿ ಇರುವ ಕಾಗದದ ಬಗ್ಗೆ ದಿನ ಬಿಟ್ಟು ದಿನ ಬೆಳಿಗ್ಗೆ ಒಂಬತ್ತಕ್ಕೆ ತಾನಾಗಿಯೇ ಸಂದೇಶ ಹೋಗುವಂತೆ ಮಾಡಿದ್ದೆ. ಹಾರ್ಡ್‌ವೇರ್ ಅಂಗಡಿಯ ಒಬ್ಬರಿಂದ ಎರಡೇ ಕಾಗದ ಬಾಕಿ ಇದ್ದವು. ಒಂದು ಸಂಜೆ ಅವರ ತಂದೆ ತೀರಿಕೊಂಡರು. ನಮ್ಮ ಸಹಾಯಕಿಗೆ ಫೋನ್ ಮಾಡಿ ಹೇಳಿದ್ದರು, ಆಕೆ ಡೈರಿಯಲ್ಲಿ ಬರೆದಿಟ್ಟಿದ್ದಳು. ಡೈರಿಯನ್ನು ಶೀಟ್ ಓದುವುದಿಲ್ಲವಲ್ಲ. ಮರುದಿನ ಒಂಬತ್ತಕ್ಕೆ ಸರಿಯಾಗಿ ಅವರಿಗೆ ಹೋದ ಸಂದೇಶ ಹೀಗಿತ್ತು: 'ನಿಮ್ಮ ತಂದೆಯವರ ಹೆಸರಿನ ಕರೆಂಟ್ ಬಿಲ್ ಮತ್ತು ಅವರ ಸಹಿ ಇರುವ ಒಪ್ಪಿಗೆ ಪತ್ರ ಇನ್ನೂ ಬಂದಿಲ್ಲ. ದಯವಿಟ್ಟು ಬೇಗ ಕಳಿಸಿ.' ತಿಂಗಳಾದ ಮೇಲೆ ಅವರು ಆಫೀಸಿಗೆ ಬಂದಾಗ ಜಗಳವಾಡಲಿಲ್ಲ. 'ನಿಮ್ ಮೆಸೇಜ್ ಬಂದಾಗ ಅಪ್ಪನ್ನ ಮಣ್ಣಿಗೆ ಒಯ್ಯೋಕೆ ಹೊರಟಿದ್ವಿ ಸಾರ್' ಅಂತ ಒಂದೇ ಮಾತು ಹೇಳಿದರು. ಅವತ್ತೇ ಆ ವ್ಯವಸ್ಥೆಯನ್ನು ಕಿತ್ತುಹಾಕಿದೆ.

ಈಗ ನಾವು ಮಾಡುವುದು, ನಿಮಗೂ ಹೇಳುವುದು ಇದನ್ನು. ಶೀಟಿನಲ್ಲಿ ಒಂದೊಂದು ಕಾಗದಕ್ಕೂ ಒಂದು ಕಾಲಂ. ಅದರಲ್ಲಿ 'ಬಂತು', 'ಬೇಡ', ಇಲ್ಲವೇ ಖಾಲಿ. ಖಾಲಿ ಇರುವ ಕಾಗದಗಳ ಹೆಸರನ್ನಷ್ಟೇ 'ಟೆಕ್ಸ್ಟ್‌ಜಾಯಿನ್' ಎಂಬ ಸೂತ್ರ ಪೋಣಿಸಿ ಒಂದು ಸಂದೇಶ ಸಿದ್ಧಮಾಡುತ್ತದೆ. ಆ ಸಂದೇಶವನ್ನು 'ಎನ್‌ಕೋಡ್‌ಯುಆರ್‌ಎಲ್' ಸೂತ್ರದಿಂದ ವಾಟ್ಸ್ಆ್ಯಪಿನ ಕ್ಲಿಕ್ ಟು ಚಾಟ್ ಲಿಂಕಿಗೆ ಸೇರಿಸಿದರೆ, ಸಾಲಿನ ಕೊನೆಯಲ್ಲಿ ಒಂದು ಲಿಂಕ್ ಆಗುತ್ತದೆ. ಸಹಾಯಕಿ ಅದನ್ನು ಒತ್ತಿದರೆ ಆ ಪಾರ್ಟಿಯ ಚಾಟ್ ತೆರೆದು, ಸಂದೇಶ ಬರೆದುಕೊಂಡು ಕಾದಿರುತ್ತದೆ:

'ನಮಸ್ಕಾರ ಸಾರ್. ನಿಮ್ಮ ಜಿಎಸ್‌ಟಿ ನೋಂದಣಿಗೆ ಇನ್ನು ಎರಡೇ ಕಾಗದ ಬಾಕಿ: ಬಾಡಿಗೆ ಕರಾರು, ಮಾಲೀಕರ ಹೆಸರಿನ ಕರೆಂಟ್ ಬಿಲ್. ಇವು ಬಂದ ದಿನವೇ ಅರ್ಜಿ ಹಾಕುತ್ತೇವೆ. ಏನಾದರೂ ತೊಂದರೆ ಇದ್ದರೆ ಇಲ್ಲೇ ಹೇಳಿ.'

ಕಳಿಸುವ ಗುಂಡಿ ಒತ್ತುವುದು ಆಕೆ. ಒತ್ತುವ ಮೊದಲು ಮೇಲಿನ ಎರಡು ಸಾಲು ಕಣ್ಣಿಗೆ ಬೀಳುತ್ತವೆ. ನಿನ್ನೆ ಅವರು 'ಊರಲ್ಲಿಲ್ಲ, ಸೋಮವಾರ ಕಳಿಸ್ತೀನಿ' ಅಂದಿದ್ದರೆ ಆಕೆ ಸೋಮವಾರದವರೆಗೆ ಸುಮ್ಮನಿರುತ್ತಾಳೆ. ಇದರ ಜೊತೆಗೆ 'ತಡೆ' ಅಂತ ಒಂದು ಕಾಲಂ ಇಟ್ಟಿದ್ದೇವೆ. ಅಲ್ಲಿ ತಾರೀಖು ಬರೆದರೆ ಆ ದಿನದವರೆಗೆ ಲಿಂಕೇ ಕಾಣುವುದಿಲ್ಲ. ಎರಡನೇ ದಿನ, ಐದನೇ ದಿನ, ಒಂಬತ್ತನೇ ದಿನ ಆ ಸಾಲಿಗೆ ಬಣ್ಣ ಬರುತ್ತದೆ. ಒಂಬತ್ತು ದಾಟಿದರೆ ಮೆಸೇಜ್ ಇಲ್ಲ, ನೀವೇ ಫೋನ್ ಮಾಡಬೇಕು. ಮೂರು ಸಲ ಕೇಳಿದರೂ ಬರದ ಕಾಗದದ ಹಿಂದೆ ಏನೋ ಒಂದು ಕಾರಣ ಇದ್ದೇ ಇರುತ್ತದೆ: ಬಾಡಿಗೆ ಕರಾರು ಮಾಡಿಕೊಡಲು ಮಾಲೀಕರು ಒಪ್ಪುತ್ತಿಲ್ಲ, ಇಲ್ಲವೇ ಅಣ್ಣ ಸಹಿ ಹಾಕುತ್ತಿಲ್ಲ. ಅದನ್ನು ಅವರು ಬರೆದು ಕಳಿಸುವುದಿಲ್ಲ, ಕೇಳಿದರೆ ಹೇಳುತ್ತಾರೆ.

ಐದು ಪಾರ್ಟಿಗೆ ಮೂರು ಸಲ ಅಂದರೂ ತಿಂಗಳಿಗೆ ಹದಿನೈದು ಒತ್ತು. ಅಷ್ಟನ್ನು ಉಳಿಸಲು ವಾಟ್ಸ್ಆ್ಯಪಿನ ದೊಡ್ಡ ಕಂಪನಿಗಳ ವ್ಯವಸ್ಥೆಗೆ ಹೋಗಬೇಕಿಲ್ಲ. ಅಲ್ಲಿ ನೀವಾಗಿ ಕಳಿಸುವ ಸಂದೇಶದ ಮಾದರಿಗೆ ಮುಂಚೆಯೇ ಅನುಮತಿ ಬೇಕು, ಹಣವೂ ಕೊಡಬೇಕು. ಇನ್ನು ಕಂಪ್ಯೂಟರಿನ ವಾಟ್ಸ್ಆ್ಯಪಿಗೆ ಕಳ್ಳದಾರಿಯಲ್ಲಿ ಜೋಡಿಸಿ ರಾಶಿ ರಾಶಿ ಮೆಸೇಜ್ ಕಳಿಸುವ ಅಗ್ಗದ ಸಾಧನಗಳನ್ನು ಮುಟ್ಟಲೇಬೇಡಿ. ನಂಬರೇ ಬಂದ್ ಆದರೆ 90 ಪಾರ್ಟಿಗಳ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ.

ನೋಂದಣಿ ಸಿಕ್ಕಿದ ಮೇಲೂ ಶೀಟಿಗೆ ಕೆಲಸವಿದೆ. ನೋಂದಣಿಯ ತಾರೀಖು ಬರೆದ ಕೂಡಲೇ ಅದಕ್ಕೆ 30 ದಿನ ಸೇರಿಸಿದ ತಾರೀಖು ಪಕ್ಕದಲ್ಲಿ ಬರಲಿ. ಬ್ಯಾಂಕ್ ಖಾತೆಯ ವಿವರವನ್ನು ಆ 30 ದಿನದೊಳಗೆ, ಅಥವಾ ಮೊದಲ ಜಿಎಸ್‌ಟಿಆರ್-1 (ಮಾರಾಟದ ವಿವರ ಕೊಡುವ ರಿಟರ್ನ್) ಸಲ್ಲಿಸುವ ಮೊದಲು, ಯಾವುದು ಮುಂಚೆಯೋ ಅಷ್ಟರಲ್ಲಿ ಪೋರ್ಟಲ್‌ಗೆ ಹಾಕದಿದ್ದರೆ ನೋಂದಣಿ ಅಮಾನತಾಗುತ್ತದೆ. ನೋಂದಣಿ ಆಯಿತಲ್ಲ ಅಂತ ಎಲ್ಲರೂ ನಿರಾಳವಾಗುವ ಹೊತ್ತು ಅದು, ಮರೆಯುವುದೂ ಆಗಲೇ. ಮುಂದಿನ ಕಾಲಂನಲ್ಲಿ ರಿಟರ್ನ್ ತಿಂಗಳಿಗೋ ಮೂರು ತಿಂಗಳಿಗೋ ಎಂಬುದು. ಜಿಎಸ್‌ಟಿಆರ್-1 ಮತ್ತು 3ಬಿಗೆ ಕೊನೆಯ ತಾರೀಖು ತಿಂಗಳಿನವರಿಗೆ 11 ಮತ್ತು 20, ಮೂರು ತಿಂಗಳಿನವರಿಗೆ ಕರ್ನಾಟಕದಲ್ಲಿ 13 ಮತ್ತು 22. ಮೊದಲ ರಿಟರ್ನಿನ ತಾರೀಖನ್ನು ಪಾರ್ಟಿಗೆ ಒಂದು ಸಂದೇಶದಲ್ಲಿ ತಿಳಿಸಿದರೆ, ಅವರ ಮಟ್ಟಿಗೆ ಸೇರ್ಪಡೆ ಮುಗಿದಂತೆ.

ಪಾಸ್‌ವರ್ಡ್‌ಗಳನ್ನು ಫಾರ್ಮಿನಲ್ಲಾಗಲಿ ವಾಟ್ಸ್ಆ್ಯಪಿನಲ್ಲಾಗಲಿ ತಗೊಳ್ಳಬೇಡಿ. ಎದುರಿಗೆ ಕೂರಿಸಿಕೊಂಡು ಪಾಸ್‌ವರ್ಡ್ ಮ್ಯಾನೇಜರಿನಲ್ಲಿ ಹಾಕಿ, ಶೀಟಿನಲ್ಲಿ 'ಇದೆ' ಎಂದಷ್ಟೇ ಬರೆಯಿರಿ. ಆಧಾರ್ ಪ್ರತಿ ಬೇಕಾದ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕೇ ನೋಡಿ. ಫಾರ್ಮ್, ಶೀಟ್, ಡ್ರೈವ್ ಎಲ್ಲವೂ ಆಫೀಸಿನ ಖಾತೆಯಲ್ಲಿರಲಿ, ಯಾರ ಸ್ವಂತ ಜಿಮೇಲ್‌ನಲ್ಲೂ ಬೇಡ. ಸಹಾಯಕಿ ಮದುವೆಯಾಗಿ ಬೇರೆ ಊರಿಗೆ ಹೋದರೆ ಅವತ್ತೇ ಅವರ ಪ್ರವೇಶ ತೆಗೆಯಲು ಬರಬೇಕು. ಉಚಿತ ಖಾತೆಯ 15 ಜಿಬಿ ಜಾಗ ಇಮೇಲ್‌ಗೂ ಡ್ರೈವ್‌ಗೂ ಸೇರಿ ಇರುವುದು, ಅದರ ಮೇಲೂ ಕಣ್ಣಿರಲಿ. ಫಾರ್ಮಿನ ತಲೆಯಲ್ಲಿ ಈ ಕಾಗದಗಳನ್ನು ಯಾತಕ್ಕೆ ತಗೊಳ್ಳುತ್ತೀರಿ, ಕೆಲಸ ಬಿಟ್ಟರೆ ಏನು ಮಾಡುತ್ತೀರಿ ಅಂತ ಎರಡು ಸಾಲು ಬರೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಓದುವ ಅವಕಾಶ ಇರಬೇಕು ಅನ್ನುತ್ತದೆ. ಕನ್ನಡ ಅದರಲ್ಲಿದೆ. ಕಾಯ್ದೆಗಾಗಿ ಅಲ್ಲದಿದ್ದರೂ, ಆಧಾರ್ ಕೊಡುವವರಿಗೆ ಇಷ್ಟು ಹೇಳುವುದು ನಮ್ಮ ಕರ್ತವ್ಯ.

ಬೇಜಾರಾಗುವುದಿಲ್ಲವೇ ಅಂತ ಕೇಳಿದ್ದೀರಿ. ಜನಕ್ಕೆ ಬೇಜಾರಾಗುವುದು ಒಂದೇ ಕಾಗದವನ್ನು ನಾಲ್ಕು ಸಲ ಕೇಳಿದಾಗ. ಮೂರು ಕಾಗದ ಹೇಳಿ, ಮೂರೂ ಬಂದ ದಿನವೇ ಅರ್ಜಿ ಹಾಕಿ, ಅರ್ಜಿಯ ಗುರುತಿನ ಸಂಖ್ಯೆಯನ್ನು (ಎಆರ್‌ಎನ್) ಅದೇ ಚಾಟಿಗೆ ಕಳಿಸಿ ನೋಡಿ. ತಂದೆಯನ್ನು ಕಳೆದುಕೊಂಡ ಹಾರ್ಡ್‌ವೇರ್ ಅಂಗಡಿಯವರು ಈಗಲೂ ನಮ್ಮ ಹತ್ತಿರವೇ ಇದ್ದಾರೆ, ಇಬ್ಬರು ಸಂಬಂಧಿಕರನ್ನೂ ಕರೆತಂದರು.

ಹಳೆಯ 90 ಪಾರ್ಟಿಗಳನ್ನು ಈಗ ಮುಟ್ಟಬೇಡಿ. ಮೊದಲ ಎರಡು ತಿಂಗಳು ಹೊಸಬರಿಗೆ ಮಾತ್ರ ಬಳಸಿ. ಮೊದಲ ಮಾತಿನಿಂದ ಕೊನೆಯ ಕಾಗದದವರೆಗೆ ಎಷ್ಟು ದಿನ ಹಿಡಿಯಿತು ಅಂತ ಶೀಟಿನಲ್ಲೇ ಲೆಕ್ಕ ಬರುತ್ತದೆ. ಮೊದಲು ಹಾಳೆಯಲ್ಲಿ ಬರೆದುಕೊಂಡ ಐದು ಪಾರ್ಟಿಗಳ ದಿನಗಳ ಜೊತೆ ಹೋಲಿಸಿ, ಯಾವ ಪ್ರಶ್ನೆಗೆ ಜನ ತಡವರಿಸುತ್ತಾರೋ ಅದನ್ನು ತಿದ್ದಿ. ಹಳಬರು ಹೇಗೂ ಆದಾಯ ತೆರಿಗೆ ರಿಟರ್ನಿಗೆ ಜೂನ್, ಜುಲೈನಲ್ಲಿ ಆಫೀಸಿಗೆ ಬರುತ್ತಾರೆ. ಆಗ ಅವರ ಎದುರಿಗೇ ನಿಮ್ಮ ಸಹಾಯಕಿ ಫಾರ್ಮ್ ತುಂಬಿಕೊಳ್ಳಲಿ, ಒಟಿಪಿ ಯಾರ ಫೋನಿಗೆ ಬರುತ್ತದೆ ಎಂಬ ಪ್ರಶ್ನೆಯಿಂದ ಶುರುಮಾಡಿ.